ಅಪ್ಪನಿಂದ ಮಕ್ಕಳಿಗೆ ಬಂದ ಗಾಡಿ

ಜುಲೈ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ಹಳೆಯ ಸದ್ದೊಂದು ಮರುಕಳಿಸುತ್ತದೆ. ಜೋಡಿ ಸೈಲೆನ್ಸರುಗಳಿಂದ ಹೊರಡುವ ಆ ಸದ್ದು, ಹಿಂದೆಯೇ ನೀಲಿ ಹೊಗೆ. ಅದು ಜಾವಾ-ಯೆಜ್ಡಿ ಪ್ರಿಯರು ಒಂದೆಡೆ ಸೇರುವ ದಿನ. ಅಲ್ಲಿ ತಲೆ ನರೆತವರಷ್ಟೇ ಇರುವುದಿಲ್ಲ, ಆ ಗಾಡಿಯ ತಯಾರಿಕೆ ನಿಂತ ಮೇಲೆ ಹುಟ್ಟಿದವರೂ ಇರುತ್ತಾರೆ. ತಮ್ಮ ಕಾಲದ್ದೇ ಅಲ್ಲದ ವಾಹನದ ಮೇಲೆ ಈ ಹುಡುಗ ಹುಡುಗಿಯರಿಗೆ ಪ್ರೀತಿ ಹುಟ್ಟಿದ್ದು ಹೇಗೆ?

ಉತ್ತರ ಹುಡುಕಲು ಮೈಸೂರಿನ ಯಾದವಗಿರಿಗೆ ಹೋಗಬೇಕು. 1929ರಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡರು. ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. ಈ ಗಾಡಿಯನ್ನು ಭಾರತದಲ್ಲೇ ತಯಾರಿಸಲು ರುಸ್ತುಂ ಇರಾನಿ ಮತ್ತು ಫರ‍್ರೂಖ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1961ರಲ್ಲಿ ಉತ್ಪಾದನೆ ಶುರುವಾಯಿತು. 1973ರಿಂದ ಗಾಡಿಗಳು ‘ಯೆಜ್ಡಿ’ ಎಂಬ ಹೊಸ ಹೆಸರಿನಲ್ಲಿ ಬಂದವು.

ಈ 250 ಸಿಸಿ ಗಾಡಿಯ ವಿಶೇಷವೆಂದರೆ, ಅದನ್ನು ಓಡಿಸಲು ಯಾರಾದರೂ ಹೇಳಿಕೊಡಲೇಬೇಕಿತ್ತು. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್! ಗೊತ್ತಿಲ್ಲದವರು ಕಿಕ್ಕರ್ ಎಲ್ಲಿದೆಯೆಂದು ಗಾಡಿಯ ಸುತ್ತ ಹುಡುಕಬೇಕಾಗುತ್ತಿತ್ತು. ಅದು ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೆ ಅಳತೆಯಲ್ಲಿ ಆಯಿಲ್ ಬೆರೆಸಬೇಕು. ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ, ಮಸಿ. ಸೈಲೆನ್ಸರಿನಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕು. ಪ್ಲಗ್ ಉಜ್ಜಬೇಕು, ಪಾಯಿಂಟ್ ಸರಿಮಾಡಬೇಕು. ಭಾನುವಾರ ಅಂಗಳದಲ್ಲಿ ಅಪ್ಪ ಈ ಕೆಲಸಕ್ಕೆ ಕೂತರೆ ಸ್ಪ್ಯಾನರ್ ಎತ್ತಿಕೊಡುವ ಕೆಲಸ ಮಕ್ಕಳದು. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಊರು ಸುತ್ತಿದ ಮಗು, ಹೀಗೆ ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂಬುದನ್ನೂ ತಿಳಿಯುತ್ತಿತ್ತು. ಉಪದೇಶದಿಂದ ಬಾರದ ಪ್ರೀತಿ ಕೈಗೆ ಹತ್ತಿದ ಮಸಿಯಿಂದ ಬಂತು.

ಕಾಲ ಬದಲಾಯಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಬಂದವು. 100 ಸಿಸಿಯ ಹಗುರ ಗಾಡಿಗಳು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿದವು. ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಬೇಕಾದದ್ದು ಅದೇ. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದವರ ಅನ್ನಕ್ಕೆ ಕಲ್ಲು ಬಿತ್ತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಆದರೆ ಮುಗಿಯಲಿಲ್ಲ. ಕಂಪನಿಯ ಬಿಡಿಭಾಗ ಸಿಗದೆ ಹೋದಾಗ ಒಂದು ಗಾಡಿಯ ಭಾಗ ಇನ್ನೊಂದಕ್ಕೆ ಬಂತು. ಗುಜರಿ ಅಂಗಡಿಗಳಲ್ಲಿ ಹುಡುಕಾಟ ನಡೆಯಿತು. ಬೀದಿ ಬದಿಯ ಗ್ಯಾರೇಜಿನ ಹಳೆಯ ಮೆಕ್ಯಾನಿಕ್ಕೇ ದಿಕ್ಕಾದ. ಅವನ ಕೈಕೆಳಗಿನ ಹುಡುಗ ನೋಡಿ ಕಲಿತದ್ದೇ ವಿದ್ಯೆ. ಕಾರ್ಖಾನೆ ಇದ್ದಾಗ ವಾಹನವಷ್ಟೇ ಆಗಿದ್ದದ್ದು, ಕಾರ್ಖಾನೆ ಹೋದ ಮೇಲೆ ಮನೆತನದ ಆಸ್ತಿಯಾಯಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು. ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್, ಗುಂಡಿ ಒತ್ತಿದರೆ ಚಾಲೂ. ಹೊಗೆ ಕಡಿಮೆ, ತಾಪತ್ರಯವೂ ಕಡಿಮೆ. ಆದರೆ ಅದರ ಒಳಗುಟ್ಟು ಎಲೆಕ್ಟ್ರಾನಿಕ್ಸ್‌ನಲ್ಲಿದೆ, ಅಂಗಳದ ಸ್ಪ್ಯಾನರಿಗೆ ಪೂರ್ತಿ ಎಟಕುವುದಿಲ್ಲ.

ಹಳೆಯ ಗಾಡಿಗಳನ್ನು ಕಾನೂನು ಕೈಬಿಟ್ಟಿಲ್ಲ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಮೈಸೂರಿನಲ್ಲಿ ಕೊನೆಗೆ ತಯಾರಾದ ಗಾಡಿಗಳಿಗೆ 50 ತುಂಬುವುದು 2046ರಲ್ಲಿ. ಅಲ್ಲಿಯವರೆಗೆ ಅವುಗಳನ್ನು ಕಾಯುವವರು ಮನೆಯವರೇ.

ಕಾಯುವುದೆಂದರೆ ಎಳೆಯರ ಕೈಗೆ ಬೇಗ ಕೀಲಿ ಕೊಡುವುದಲ್ಲ. ಗೇರ್ ಗಾಡಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆಯೇ. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹಾಗೆ ನೋಡಿದರೆ ಹಿಂದಿನವರ ಕ್ರಮವೇ ಸರಿ: ಮೊದಲು ಒರೆಸುವ ಬಟ್ಟೆ, ಆಮೇಲೆ ಸ್ಪ್ಯಾನರ್, ಕೀಲಿ ಎಲ್ಲಕ್ಕಿಂತ ಕೊನೆಗೆ. ಆ ಕ್ರಮದಲ್ಲಿ ಕಲಿತ ಮಕ್ಕಳು ಗಾಡಿಯನ್ನು ಗುಜರಿಗೆ ಹಾಕುವ ಮುನ್ನ ಎರಡು ಸಲ ಯೋಚಿಸುತ್ತಾರೆ.