ಅಂಚೆಯ ಒಂದು ಲಕ್ಷ

ತುಮಕೂರಿನ ಶೆಟ್ಟಿಹಳ್ಳಿಯಂಥ ಕಡೆ ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ‘ಕಿದ್ವಾಯಿಗೆ ಕರ್ಕೊಂಡು ಹೋಗಿದಾರಂತೆ’ ಅಂದರೆ ಸಾಕು, ಕೇಳಿದವರ ದನಿ ತಗ್ಗುತ್ತದೆ. ಕಾಯಿಲೆಗೇ ಪರ್ಯಾಯವಾಗಿಬಿಟ್ಟ ಆ ಹೆಸರಿನವರು ಡಾಕ್ಟರಲ್ಲ, ಅಂಚೆ ಮಂತ್ರಿ.

ರಫಿ ಅಹ್ಮದ್ ಕಿದ್ವಾಯಿ ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು. ಬೆಂಗಳೂರಿನಲ್ಲಿ ವಿಕಿರಣ ಚಿಕಿತ್ಸೆಯ ಯಂತ್ರಕ್ಕೆಂದು ಅಂಚೆ ಇಲಾಖೆಯಿಂದ ಒಂದು ಲಕ್ಷ ರೂಪಾಯಿ ಕೊಡಿಸಿದವರು ಅವರು. ಮೈಸೂರು ಮಹಾರಾಜರಿಂದ 20 ಎಕರೆ ಜಮೀನು ಬಂತು. ಕಿದ್ವಾಯಿ 1954ರಲ್ಲೇ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ಶುರುವಾದದ್ದು 1973ರ ಜೂನ್ 26ರಂದು. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು.

ಅಂಚೆಗೂ ಈ ಕಾಯಿಲೆಗೂ ಇನ್ನೊಂದು ನಂಟಿದೆ. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ 32 ಸೆಂಟಿನ ಸ್ಟಾಂಪನ್ನು 40ಕ್ಕೆ ಮಾರಿ, ಹೆಚ್ಚಿನ ಹಣವನ್ನು ಸ್ತನ ಕ್ಯಾನ್ಸರ್ ಸಂಶೋಧನೆಗೆ ಕೊಡತೊಡಗಿತು. ಹೀಗೆ ಕೂಡಿದ್ದು 9 ಕೋಟಿ ಡಾಲರಿಗೂ ಹೆಚ್ಚು.

ನಮ್ಮಲ್ಲಿ ಕೊಡುವ ಕೈಗೆ ಬರವಿಲ್ಲ. ಸಿದ್ಧಗಂಗೆಯ ದಾಸೋಹಕ್ಕೆ ಮೂಟೆಗಟ್ಟಲೆ ರಾಗಿ ಕೊಡುವ ಸೀಮೆ ಇದು. ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಯಿದೆ. ದೂರದೂರಿಂದ ಬಂದವರಿಗೆ ಅದರ ಬೆಲೆ ಗೊತ್ತು. ಆದರೆ ದಾನಿಯ ಕಣ್ಣು ಯಂತ್ರ, ಕಟ್ಟಡ, ಊಟದ ಮೇಲೆ ಬೀಳುವಷ್ಟು ಸುಲಭವಾಗಿ ಸಂಶೋಧನೆಯ ಮೇಲೆ ಬೀಳುವುದಿಲ್ಲ. ರೋಗಿಗಳ ಲೆಕ್ಕ ಬರೆದಿಡುವ ಕಡತಕ್ಕೆ ಹೆಸರಿನ ಕಲ್ಲು ಕೂರಿಸುವುದು ಹೇಗೆ?

ಆ ಕಡತದ ಕೆಲಸ ಕಿದ್ವಾಯಿಯಲ್ಲಿ ಸರ್ಕಾರದ ದುಡ್ಡಿನಿಂದಲೇ ನಡೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ಮುಂಬೈ, ಮದ್ರಾಸಿನ ಜೊತೆಗೆ ಬೆಂಗಳೂರಿನಲ್ಲೂ 1982ರಿಂದ ಕ್ಯಾನ್ಸರ್ ನೋಂದಣಿ ಶುರುವಾಯಿತು. ಸಿಬ್ಬಂದಿ ಕುಳಿತಲ್ಲಿಗೆ ವರದಿ ಬರಲೆಂದು ಕಾಯಲಿಲ್ಲ; ಆಸ್ಪತ್ರೆ, ಪ್ರಯೋಗಾಲಯಗಳಿಗೆ ತಾವೇ ಹೋಗಿ ದಾಖಲೆ ತಡಕಿದರು. ಮೊದಮೊದಲು ಬೆಂಗಳೂರಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಮುಂದಿತ್ತು. ಸ್ತನದ್ದು ಅದನ್ನು ಹಿಂದಿಕ್ಕಿತೆಂದು ಹೇಳಿದ್ದು ಇದೇ ಲೆಕ್ಕ. ಇದರಲ್ಲೊಂದು ಕೊರತೆಯುಂಟು: ಈ ಪಟ್ಟಿ ಬೆಂಗಳೂರಿನ ನಿವಾಸಿಗಳದು. ಶೆಟ್ಟಿಹಳ್ಳಿಯಿಂದ 70 ಕಿಲೋಮೀಟರ್ ಬಂದ ಹೆಂಗಸು ಆಸ್ಪತ್ರೆಯ ಪಟ್ಟಿಗೆ ಸೇರುತ್ತಾಳೆ, ಬೆಂಗಳೂರಿನ ಲೆಕ್ಕಕ್ಕೆ ಸೇರುವುದಿಲ್ಲ.

ಲೆಕ್ಕವಿಡುವುದಷ್ಟೇ ಅಲ್ಲ, ಚಿಕಿತ್ಸೆಯನ್ನು ಪರೀಕ್ಷಿಸುವುದೂ ಸಂಶೋಧನೆಯೇ. ಸ್ತನ ಕ್ಯಾನ್ಸರು ಮೂಳೆಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಸ್ತನದ ಗಡ್ಡೆ ತೆಗೆದರೆ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಭಾರತ ಜಗತ್ತಿಗೆ ಕೊಟ್ಟ ದೊಡ್ಡ ಉತ್ತರವೊಂದು ಮುಂಬೈನ ಟಾಟಾ ಮೆಮೋರಿಯಲ್‌ನದು. ಅಲ್ಲೂ ಹಣ ಹಾಕಿದ್ದು ದಾನಪೆಟ್ಟಿಗೆಯಲ್ಲ. ಟಾಟಾ ಮೆಮೋರಿಯಲ್ ಕೇಂದ್ರ, ಅದನ್ನು ನಡೆಸುವ ಅಣುಶಕ್ತಿ ಇಲಾಖೆ. ಪತ್ತೆಯಾಗುವಾಗಲೇ ರೋಗ ಹರಡಿದ್ದು, ಔಷಧಕ್ಕೆ ಬಗ್ಗಿದ್ದ 350 ಹೆಂಗಸರನ್ನು 2005ರಿಂದ 2013ರವರೆಗೆ ಸೇರಿಸಿಕೊಂಡು, ಕೆಲವರಿಗೆ ಸ್ತನದ ಗಡ್ಡೆಗೆ ಶಸ್ತ್ರಚಿಕಿತ್ಸೆ, ವಿಕಿರಣ ಕೊಟ್ಟರು; ಉಳಿದವರಿಗೆ ಕೊಡಲಿಲ್ಲ. ಫಲಿತಾಂಶ 2015ರಲ್ಲಿ ಹೊರಬಂತು. ಶಸ್ತ್ರಚಿಕಿತ್ಸೆಯಾದವರ ಬದುಕಿನ ಮಧ್ಯಾಂಕ 19.2 ತಿಂಗಳು, ಆಗದವರದು 20.5. ಅಂದರೆ ಆ ಹಂತದಲ್ಲಿ ಸ್ತನ ತೆಗೆದರೂ ಆಯುಸ್ಸು ಹೆಚ್ಚಲಿಲ್ಲ. ಹೊಲ ಅಡವಿಟ್ಟು ಆಪರೇಷನ್ನಿಗೆ ಹೊರಡುವ ಮನೆಯವರಿಗೆ ಮೊದಲು ತಿಳಿಯಬೇಕಾದ ಲೆಕ್ಕ ಅದು.