ಡಬ್ಲ್ಯೂಎನ್‌ಬಿಎ ಡ್ರಾಫ್ಟ್

ಡಬ್ಲ್ಯೂಎನ್‌ಬಿಎ ಡ್ರಾಫ್ಟ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ವೃತ್ತಿಪರ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ವಿಮೆನ್ಸ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ (ಡಬ್ಲ್ಯೂಎನ್‌ಬಿಎ) ವರ್ಷಕ್ಕೊಮ್ಮೆ ನಡೆಸುವ ಆಟಗಾರ್ತಿಯರ ಆಯ್ಕೆ ಪ್ರಕ್ರಿಯೆ. ಕಾಲೇಜು ಶಿಕ್ಷಣವನ್ನು ಮುಗಿಸಿದ ಆಟಗಾರ್ತಿಯರನ್ನೂ ಅರ್ಹ ವಿದೇಶಿ ಆಟಗಾರ್ತಿಯರನ್ನೂ ಲೀಗಿನ ತಂಡಗಳು ಇದರ ಮೂಲಕ ಸರದಿಯಂತೆ ಆರಿಸಿಕೊಳ್ಳುತ್ತವೆ. ಮೊದಲ ಡ್ರಾಫ್ಟ್ 1997ರಲ್ಲಿ ನಡೆಯಿತು. ಇದು ಸಾಮಾನ್ಯವಾಗಿ ಏಪ್ರಿಲ್ ತಿಂಗಳಿನಲ್ಲಿ, ಕಾಲೇಜು ಮಟ್ಟದ ರಾಷ್ಟ್ರೀಯ ಪಂದ್ಯಾವಳಿಯು ಮುಗಿದ ಕೆಲವೇ ದಿನಗಳಲ್ಲಿ ನಡೆಯುತ್ತದೆ.

ಭಾರತದ ಕ್ರಿಕೆಟ್ ಲೀಗುಗಳಲ್ಲಿ ರೂಢಿಯಲ್ಲಿರುವ ಹರಾಜಿಗೂ ಡ್ರಾಫ್ಟಿಗೂ ಮೂಲಭೂತ ವ್ಯತ್ಯಾಸವಿದೆ. ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಿದ ತಂಡಕ್ಕೆ ಆಟಗಾರ್ತಿ ಸೇರುತ್ತಾಳೆ. ಡ್ರಾಫ್ಟಿನಲ್ಲಿ ಬೆಲೆ ಕೂಗುವ ಪದ್ಧತಿಯೇ ಇಲ್ಲ. ಸರದಿ ಬಂದ ತಂಡವು ಒಬ್ಬಳ ಹೆಸರನ್ನು ಸೂಚಿಸುತ್ತದೆ. ಲೀಗಿನಲ್ಲಿ ಆಕೆಯೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಆ ತಂಡಕ್ಕೆ ಮಾತ್ರ ದೊರೆಯುತ್ತದೆ. ಹೊಸ ಆಟಗಾರ್ತಿಯ ವೇತನವು ಆಕೆ ಆಯ್ಕೆಯಾದ ಕ್ರಮಾಂಕಕ್ಕೆ ಅನುಗುಣವಾಗಿ ಮೊದಲೇ ನಿಗದಿಯಾಗಿರುತ್ತದೆ.

ಉದ್ದೇಶ

ಹಿಂದಿನ ವರ್ಷಗಳಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲು ಆರಿಸುವ ಅವಕಾಶ ನೀಡಿ, ತಂಡಗಳ ನಡುವೆ ಸಮತೋಲನವನ್ನು ಕಾಯ್ದುಕೊಳ್ಳುವುದು ಡ್ರಾಫ್ಟಿನ ಮುಖ್ಯ ಉದ್ದೇಶ. ಹಣಬಲವುಳ್ಳ ತಂಡಗಳೇ ಪ್ರತಿಭಾವಂತರೆಲ್ಲರನ್ನೂ ಸೆಳೆದುಕೊಳ್ಳದಂತೆ ಇದು ತಡೆಯುತ್ತದೆ. ಇದಕ್ಕೆ ಪ್ರತಿಯಾಗಿ ಆಟಗಾರ್ತಿಯು ತಾನು ಯಾವ ನಗರದಲ್ಲಿ, ಯಾವ ತಂಡದ ಪರವಾಗಿ ವೃತ್ತಿಜೀವನ ಆರಂಭಿಸಬೇಕೆಂಬ ಆಯ್ಕೆಯನ್ನು ಬಿಟ್ಟುಕೊಡಬೇಕಾಗುತ್ತದೆ.

ಇತಿಹಾಸ

1996ರ ಏಪ್ರಿಲ್‌ನಲ್ಲಿ ಡಬ್ಲ್ಯೂಎನ್‌ಬಿಎ ಸ್ಥಾಪನೆಗೆ ಒಪ್ಪಿಗೆ ದೊರೆತು, 1997ರ ಜೂನ್‌ನಲ್ಲಿ ಎಂಟು ತಂಡಗಳೊಡನೆ ಆಟ ಆರಂಭವಾಯಿತು. ಮೊದಲ ವರ್ಷ ತಂಡಗಳನ್ನು ಮೂರು ಹಂತಗಳಲ್ಲಿ ಕಟ್ಟಲಾಯಿತು. ಜನವರಿಯಲ್ಲಿ ಹೆಸರಾಂತ 16 ಆಟಗಾರ್ತಿಯರನ್ನು ತಂಡಕ್ಕೆ ಇಬ್ಬರಂತೆ ಹಂಚಲಾಯಿತು. ಫೆಬ್ರವರಿಯಲ್ಲಿ, ಈಗಾಗಲೇ ಬೇರೆಡೆ ವೃತ್ತಿಪರವಾಗಿ ಆಡಿದ್ದವರಿಗಾಗಿ ಎರಡು ಸುತ್ತಿನ ಪ್ರತ್ಯೇಕ ಆಯ್ಕೆ ನಡೆಯಿತು. ಏಪ್ರಿಲ್ 28ರಂದು ನಾಲ್ಕು ಸುತ್ತುಗಳ ಸಾಮಾನ್ಯ ಡ್ರಾಫ್ಟ್ ನಡೆದು, ಹ್ಯೂಸ್ಟನ್ ಕಾಮೆಟ್ಸ್ ತಂಡವು ಟೀನಾ ಥಾಂಪ್ಸನ್ ಅವರನ್ನು ಮೊದಲಿಗಳಾಗಿ ಆರಿಸಿತು. ಆ ತಂಡವು ಮೊದಲ ನಾಲ್ಕು ವರ್ಷವೂ ಪ್ರಶಸ್ತಿ ಗೆದ್ದಿತು. ಥಾಂಪ್ಸನ್ 2013ರವರೆಗೆ 17 ಋತುಗಳಲ್ಲಿ ಆಡಿದರು.

1999ರ ಡ್ರಾಫ್ಟ್ ಅಸಾಧಾರಣ ಸನ್ನಿವೇಶದಲ್ಲಿ ನಡೆಯಿತು. ಪ್ರತಿಸ್ಪರ್ಧಿಯಾಗಿದ್ದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್ 1998ರ ಡಿಸೆಂಬರ್‌ನಲ್ಲಿ, ಋತುವಿನ ನಡುವೆಯೇ ಮುಚ್ಚಿಹೋಗಿತ್ತು. ಕೆಲಸ ಕಳೆದುಕೊಂಡ ಅನುಭವಿ ಆಟಗಾರ್ತಿಯರು ಒಮ್ಮೆಲೇ ಡ್ರಾಫ್ಟಿಗೆ ಬಂದುದರಿಂದ, ಕಾಲೇಜಿನಿಂದ ಆಗಷ್ಟೇ ಹೊರಬಂದವರಿಗೆ ಸ್ಥಾನಗಳು ದುರ್ಲಭವಾದವು. 2002ರವರೆಗೆ ನಾಲ್ಕು ಸುತ್ತುಗಳಿದ್ದು, 2003ರಿಂದ ಮೂರು ಸುತ್ತುಗಳ ಪದ್ಧತಿ ಜಾರಿಗೆ ಬಂದಿತು.

2020ರಲ್ಲಿ ಕೋವಿಡ್ ಪಿಡುಗಿನ ಕಾರಣ ಡ್ರಾಫ್ಟ್ ದೂರಸಂಪರ್ಕದ ಮೂಲಕ ನಡೆಯಿತು. ಲೀಗಿನ ಆಯುಕ್ತೆ ಕ್ಯಾಥಿ ಎಂಗಲ್‌ಬರ್ಟ್ ತಮ್ಮ ಮನೆಯಿಂದಲೇ ಹೆಸರುಗಳನ್ನು ಪ್ರಕಟಿಸಿದರು. ಆ ವರ್ಷದ ಜನವರಿಯಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದ ಬಾಲಕಿಯರಾದ ಜಿಯಾನಾ ಬ್ರಯಂಟ್, ಅಲಿಸಾ ಆಲ್ಟೊಬೆಲಿ ಮತ್ತು ಪೇಟನ್ ಚೆಸ್ಟರ್ ಅವರನ್ನು ಅಂದು ಗೌರವಾರ್ಥವಾಗಿ ಆಯ್ಕೆ ಮಾಡಲಾಯಿತು.

ಅರ್ಹತೆ

2020ರಲ್ಲಿ ಜಾರಿಗೆ ಬಂದ ಲೀಗ್ ಮತ್ತು ಆಟಗಾರ್ತಿಯರ ಸಂಘದ ನಡುವಣ ಒಪ್ಪಂದದ ಪ್ರಕಾರ, ಅಮೆರಿಕದ ಆಟಗಾರ್ತಿಯು ಈ ಕೆಳಗಿನವುಗಳಲ್ಲಿ ಒಂದನ್ನು ಪೂರೈಸಿರಬೇಕು:

• ಡ್ರಾಫ್ಟ್ ನಡೆಯುವ ವರ್ಷದಲ್ಲಿ 22 ವರ್ಷ ತುಂಬುವಂತಿರಬೇಕು.
• ನಾಲ್ಕು ವರ್ಷದ ಪದವಿಯನ್ನು ಪಡೆದಿರಬೇಕು, ಇಲ್ಲವೇ ಡ್ರಾಫ್ಟಿನ ನಂತರದ ಮೂರು ತಿಂಗಳೊಳಗೆ ಪಡೆಯುವಂತಿರಬೇಕು.
• ಪ್ರೌಢಶಾಲಾ ಶಿಕ್ಷಣ ಮುಗಿದು ನಾಲ್ಕು ವರ್ಷ ಕಳೆದಿರಬೇಕು.

ವಿದೇಶಿ ಆಟಗಾರ್ತಿಯರಿಗೆ ಆ ವರ್ಷ 20 ತುಂಬುವಂತಿದ್ದರೆ ಸಾಕು. ವಯೋಮಿತಿಯ ಆಧಾರದ ಮೇಲೆ ಅರ್ಹತೆ ಪಡೆದ ವಿದ್ಯಾರ್ಥಿನಿಯು ಕಾಲೇಜಿನಲ್ಲಿ ಆಡುವ ಉಳಿದ ಅವಕಾಶವನ್ನು ತ್ಯಜಿಸುವುದಾಗಿ ಘೋಷಿಸಬೇಕು. ಜುವೆಲ್ ಲಾಯ್ಡ್ (2015) ಮತ್ತು ಜಾಕಿ ಯಂಗ್ (2019) ಹೀಗೆ ಮೂರನೆಯ ವರ್ಷದ ನಂತರವೇ ಕಾಲೇಜು ತಂಡವನ್ನು ತೊರೆದು ಮೊದಲ ಕ್ರಮಾಂಕದಲ್ಲಿ ಆಯ್ಕೆಯಾದರು. ಪುರುಷರ ಎನ್‌ಬಿಎ ಲೀಗಿನಲ್ಲಿ 19ನೆಯ ವಯಸ್ಸಿಗೇ ಪ್ರವೇಶ ಸಾಧ್ಯವಿರುವುದರಿಂದ, ಮಹಿಳೆಯರು ವೃತ್ತಿಜೀವನವನ್ನು ಹೋಲಿಕೆಯಲ್ಲಿ ತಡವಾಗಿ ಆರಂಭಿಸುತ್ತಾರೆ. ಆದರೆ ಅವರಲ್ಲಿ ಬಹುತೇಕರು ಪದವಿಯನ್ನು ಮುಗಿಸಿಯೇ ಬರುತ್ತಾರೆ.

ಆಯ್ಕೆಯ ಕ್ರಮ ಮತ್ತು ಲಾಟರಿ

ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಖಚಿತವೆಂದಾದರೆ, ತಂಡಗಳು ಉದ್ದೇಶಪೂರ್ವಕವಾಗಿ ಸೋಲುವ ಸಂಭವವಿರುತ್ತದೆ. ಇದನ್ನು ತಡೆಯಲು ಲಾಟರಿ ಪದ್ಧತಿಯನ್ನು ಅಳವಡಿಸಲಾಗಿದೆ. ಲೀಗಿನಲ್ಲಿ 12 ತಂಡಗಳಿದ್ದ ಅವಧಿಯಲ್ಲಿ, ಪ್ಲೇಆಫ್ ಹಂತಕ್ಕೆ ತಲುಪದ ನಾಲ್ಕು ತಂಡಗಳು ಲಾಟರಿಯಲ್ಲಿ ಭಾಗವಹಿಸುತ್ತಿದ್ದವು. ಒಂದೇ ವರ್ಷದ ಬದಲು ಎರಡು ವರ್ಷಗಳ ಒಟ್ಟು ಫಲಿತಾಂಶವನ್ನು ಪರಿಗಣಿಸುವುದು ಈ ಲಾಟರಿಯ ವಿಶೇಷ.

ಯಂತ್ರದಲ್ಲಿ ಹಾಕಿದ 14 ಚೆಂಡುಗಳಿಂದ ನಾಲ್ಕನ್ನು ತೆಗೆದರೆ 1,001 ಬಗೆಯ ಜೋಡಣೆಗಳು ಸಾಧ್ಯ. ಒಂದನ್ನು ಬಿಟ್ಟು ಉಳಿದ 1,000 ಜೋಡಣೆಗಳನ್ನು ನಾಲ್ಕು ತಂಡಗಳಿಗೆ ಹಂಚಲಾಗುತ್ತಿತ್ತು. ಅತಿ ಕಳಪೆ ಸಾಧನೆಯ ತಂಡದಿಂದ ಆರಂಭಿಸಿ ಕ್ರಮವಾಗಿ 442, 276, 178 ಮತ್ತು 104 ಜೋಡಣೆಗಳು ದೊರೆಯುತ್ತಿದ್ದವು. ಎಂದರೆ ಅತ್ಯಂತ ದುರ್ಬಲ ತಂಡಕ್ಕೂ ಮೊದಲ ಆಯ್ಕೆಯ ಸಾಧ್ಯತೆ ಶೇ 44.2ರಷ್ಟು ಮಾತ್ರ. ಲಾಟರಿಯಿಂದ ಮೊದಲ ಎರಡು ಸ್ಥಾನಗಳನ್ನಷ್ಟೇ ನಿರ್ಧರಿಸುತ್ತಿದ್ದುದರಿಂದ ಆ ತಂಡವು ಮೂರನೆಯ ಸ್ಥಾನಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಆಯ್ಕೆಯ ಹಕ್ಕನ್ನಾಗಲಿ, ಆಗಷ್ಟೇ ಆರಿಸಿದ ಆಟಗಾರ್ತಿಯನ್ನಾಗಲಿ ತಂಡಗಳು ವಿನಿಮಯ ಮಾಡಿಕೊಳ್ಳಬಹುದು. 2007ರಲ್ಲಿ ಫೀನಿಕ್ಸ್ ಮರ್ಕ್ಯುರಿ ತಂಡವು ಮೊದಲ ಕ್ರಮಾಂಕದಲ್ಲಿ ಆರಿಸಿದ ಲಿಂಡ್ಸೆ ಹಾರ್ಡಿಂಗ್ ಅವರನ್ನು ಮಿನೆಸೋಟ ತಂಡಕ್ಕೆ ಬಿಟ್ಟುಕೊಟ್ಟು, ಅನುಭವಿ ಟ್ಯಾಂಜೆಲಾ ಸ್ಮಿತ್ ಅವರನ್ನು ಪಡೆಯಿತು. ಅದೇ ವರ್ಷ ಪ್ರಶಸ್ತಿಯನ್ನೂ ಗೆದ್ದಿತು.

ತಂಡಗಳ ಮೇಲಿನ ಪರಿಣಾಮ

ಡ್ರಾಫ್ಟ್ ದುರ್ಬಲ ತಂಡವನ್ನು ಮೇಲೆತ್ತಬಲ್ಲದು ಎಂಬುದಕ್ಕೆ ಎರಡು ನಿದರ್ಶನಗಳನ್ನು ಗಮನಿಸಬಹುದು. ಸ್ಯಾನ್ ಆಂಟೋನಿಯೊ ತಂಡವು 2017ರಲ್ಲಿ ಕೆಲ್ಸಿ ಪ್ಲಮ್ ಅವರನ್ನು ಆರಿಸಿಕೊಂಡಿತು. ಮರುವರ್ಷ ಆ ತಂಡವು ಲಾಸ್ ವೇಗಸ್ ನಗರಕ್ಕೆ ಸ್ಥಳಾಂತರಗೊಂಡು ಲಾಸ್ ವೇಗಸ್ ಏಸಸ್ ಎಂದು ಹೆಸರಾಯಿತು. ಅಲ್ಲಿ 2018ರಲ್ಲಿ ಏಜಾ ವಿಲ್ಸನ್, 2019ರಲ್ಲಿ ಜಾಕಿ ಯಂಗ್ ಆಯ್ಕೆಯಾದರು. ಹೀಗೆ ಸತತ ಮೂರು ವರ್ಷ ಮೊದಲ ಕ್ರಮಾಂಕದಲ್ಲಿ ಆಯ್ಕೆಯಾದ ಈ ಮೂವರೂ ಇದ್ದ ತಂಡವು 2022 ಮತ್ತು 2023ರಲ್ಲಿ ಪ್ರಶಸ್ತಿ ಗೆದ್ದಿತು. ಇಂಡಿಯಾನಾ ಫೀವರ್ ತಂಡವು 2022ರಲ್ಲಿ 36 ಪಂದ್ಯಗಳಲ್ಲಿ ಐದನ್ನು ಮಾತ್ರ ಗೆದ್ದಿತ್ತು. 2023ರಲ್ಲಿ ಅಲಿಯಾ ಬಾಸ್ಟನ್, 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಬಂದ ಬಳಿಕ, 2024ರಲ್ಲಿ 40 ಪಂದ್ಯಗಳಲ್ಲಿ 20ನ್ನು ಗೆದ್ದು, 2016ರ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು.

ಆಯ್ಕೆಯ ನಂತರ

ಡ್ರಾಫ್ಟಿನಲ್ಲಿ ಹೆಸರು ಬಂದ ಮಾತ್ರಕ್ಕೆ ಲೀಗಿನಲ್ಲಿ ಸ್ಥಾನ ಖಚಿತವಾಗುವುದಿಲ್ಲ. ಒಂದು ತಂಡದಲ್ಲಿ ಗರಿಷ್ಠ 12 ಆಟಗಾರ್ತಿಯರಿಗೆ ಅವಕಾಶ. 12 ತಂಡಗಳಿದ್ದಾಗ ಇಡೀ ಲೀಗಿನಲ್ಲಿದ್ದ ಸ್ಥಾನಗಳು ಹೆಚ್ಚೆಂದರೆ 144. ವೇತನದ ಒಟ್ಟು ಮಿತಿಯ ಕಾರಣದಿಂದ ಹಲವು ತಂಡಗಳು 11 ಮಂದಿಯನ್ನೇ ಇಟ್ಟುಕೊಳ್ಳುತ್ತಿದ್ದವು. ಹಳಬರಿಂದ ತುಂಬಿದ ಈ ಸ್ಥಾನಗಳಿಗೆ ಪ್ರತಿ ವರ್ಷ 36 ಮಂದಿ ಹೊಸಬರು ಆಯ್ಕೆಯಾಗುತ್ತಿದ್ದರು. ಪರಿಣಾಮವಾಗಿ, ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ಸುತ್ತಿನಲ್ಲಿ ಆಯ್ಕೆಯಾದ ಅನೇಕರನ್ನು ಋತು ಆರಂಭವಾಗುವ ಮೊದಲೇ, ತರಬೇತಿ ಶಿಬಿರದ ಹಂತದಲ್ಲಿ ಕೈಬಿಡಲಾಗುತ್ತದೆ. ಏಪ್ರಿಲ್‌ನಲ್ಲಿ ವೇದಿಕೆಯೇರಿ ತಂಡದ ಅಂಗಿಯನ್ನು ಹಿಡಿದು ನಿಂತವರು ಮೇ ತಿಂಗಳ ನಡುವೆ ಕೆಲಸವಿಲ್ಲದೆ ಹಿಂದಿರುಗುವುದು ಅಪರೂಪವಲ್ಲ. ಅಂಥವರಲ್ಲಿ ಹಲವರು ಯುರೋಪ್, ಟರ್ಕಿ, ಆಸ್ಟ್ರೇಲಿಯಾ ಮೊದಲಾದೆಡೆಯ ಲೀಗುಗಳಲ್ಲಿ ಆಡಿ ಮತ್ತೆ ಪ್ರಯತ್ನಿಸುತ್ತಾರೆ.

ವೇತನ

2024ರಲ್ಲಿ ಮೊದಲ ನಾಲ್ಕು ಕ್ರಮಾಂಕಗಳಲ್ಲಿ ಆಯ್ಕೆಯಾದವರಿಗೆ ಮೊದಲ ವರ್ಷದ ವೇತನ 76,535 ಡಾಲರ್. ಮೂರನೆಯ ಸುತ್ತಿನವರಿಗೆ 64,154 ಡಾಲರ್. ಆ ವರ್ಷದ ಡ್ರಾಫ್ಟ್ ಏಪ್ರಿಲ್ 15ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಅಕಾಡೆಮಿ ಆಫ್ ಮ್ಯೂಸಿಕ್ ಸಭಾಂಗಣದಲ್ಲಿ ನಡೆದು, ದೂರದರ್ಶನದಲ್ಲಿ ಸರಾಸರಿ 24 ಲಕ್ಷಕ್ಕೂ ಹೆಚ್ಚು ಮಂದಿ ವೀಕ್ಷಿಸಿದರು. ಅದಕ್ಕೆ ಹಿಂದಿನ ದಾಖಲೆ 2004ರ ಸುಮಾರು 6 ಲಕ್ಷ. ಇಷ್ಟು ಜನಾಕರ್ಷಣೆಗೆ ಮುಖ್ಯ ಕಾರಣರಾದ ಕ್ಲಾರ್ಕ್ ಅವರ ವೇತನವು ಎನ್‌ಬಿಎ ಲೀಗಿನ ಪ್ರಥಮ ಆಯ್ಕೆಗೆ ದೊರೆಯುವ ಕೋಟಿ ಡಾಲರಿಗೂ ಮಿಗಿಲಾದ ಮೊತ್ತದೆದುರು ಅತ್ಯಲ್ಪವೆಂದು ವ್ಯಾಪಕ ಚರ್ಚೆ ನಡೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಟಗಾರ್ತಿಯರ ಸಂಘವು ಹಳೆಯ ಒಪ್ಪಂದದಿಂದ ಅವಧಿಗೆ ಮೊದಲೇ ಹೊರಬರಲು ತೀರ್ಮಾನಿಸಿತು.

ಪ್ರಥಮ ಕ್ರಮಾಂಕದ ಕೆಲವು ಆಯ್ಕೆಗಳು

• 1998 – ಮಾರ್ಗೊ ಡೈಡೆಕ್ (ಪೋಲೆಂಡ್), ಯೂಟಾ
• 2001 – ಲಾರೆನ್ ಜಾಕ್ಸನ್ (ಆಸ್ಟ್ರೇಲಿಯಾ), ಸಿಯಾಟಲ್
• 2002 – ಸ್ಯೂ ಬರ್ಡ್, ಸಿಯಾಟಲ್
• 2004 – ಡಯಾನಾ ಟೊರಾಸಿ, ಫೀನಿಕ್ಸ್
• 2008 – ಕ್ಯಾಂಡೇಸ್ ಪಾರ್ಕರ್, ಲಾಸ್ ಏಂಜಲೀಸ್
• 2011 – ಮಾಯಾ ಮೂರ್, ಮಿನೆಸೋಟ
• 2013 – ಬ್ರಿಟ್ನಿ ಗ್ರೈನರ್, ಫೀನಿಕ್ಸ್
• 2016 – ಬ್ರಿಯಾನಾ ಸ್ಟುವರ್ಟ್, ಸಿಯಾಟಲ್
• 2020 – ಸಬ್ರೀನಾ ಅಯನೆಸ್ಕು, ನ್ಯೂಯಾರ್ಕ್
• 2025 – ಪೇಜ್ ಬೆಕರ್ಸ್, ಡಲ್ಲಾಸ್

ಇವರಲ್ಲಿ ಬರ್ಡ್, ಟೊರಾಸಿ, ಮೂರ್, ಸ್ಟುವರ್ಟ್ ಮತ್ತು ಬೆಕರ್ಸ್ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು. 2016ರಲ್ಲಿ ಮೊದಲ ಮೂರು ಸ್ಥಾನಗಳೂ ಇದೇ ವಿಶ್ವವಿದ್ಯಾಲಯದ ಆಟಗಾರ್ತಿಯರ ಪಾಲಾದವು.

ಕೊನೆಯ ಸುತ್ತಿನವರು ಮತ್ತು ಆಯ್ಕೆಯಾಗದವರು

ಆಯ್ಕೆಯ ಕ್ರಮಾಂಕವು ಆಟಗಾರ್ತಿಯ ಭವಿಷ್ಯವನ್ನು ಪೂರ್ತಿಯಾಗಿ ನಿರ್ಧರಿಸುವುದಿಲ್ಲ. 2013ರಲ್ಲಿ 19ನೆಯ ಕ್ರಮಾಂಕದಲ್ಲಿ ಆಯ್ಕೆಯಾದ ಬೆಲ್ಜಿಯಂನ ಎಮ್ಮಾ ಮೀಸೆಮನ್ 2019ರ ಫೈನಲ್ಸ್ ಸರಣಿಯ ಶ್ರೇಷ್ಠ ಆಟಗಾರ್ತಿ ಎನಿಸಿದರು. ಅದೇ 2013ರಲ್ಲಿ ಯಾವ ತಂಡವೂ ಆರಿಸದಿದ್ದ ಎರಿಕಾ ವೀಲರ್ 2019ರ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ್ತಿಯಾದರು.

1999ರಲ್ಲಿ ಆಯ್ಕೆಯಾಗದೆ ಉಳಿದವರಲ್ಲಿ ಬೆಕಿ ಹ್ಯಾಮನ್ ಒಬ್ಬರು. ನ್ಯೂಯಾರ್ಕ್ ಲಿಬರ್ಟಿ ತಂಡವನ್ನು ನೇರವಾಗಿ ಸೇರಿದ ಅವರು ಆರು ಬಾರಿ ಆಲ್‌ಸ್ಟಾರ್ ಗೌರವಕ್ಕೆ ಪಾತ್ರರಾಗಿ, 2023ರಲ್ಲಿ ನೈಸ್ಮಿತ್ ಹಾಲ್ ಆಫ್ ಫೇಮ್ ಪ್ರವೇಶಿಸಿದರು. ಪ್ಲಮ್, ವಿಲ್ಸನ್ ಮತ್ತು ಯಂಗ್ ಅವರಿದ್ದ ಲಾಸ್ ವೇಗಸ್ ಏಸಸ್ ತಂಡವು 2022 ಮತ್ತು 2023ರಲ್ಲಿ ಪ್ರಶಸ್ತಿ ಗೆದ್ದಾಗ ಅದರ ಮುಖ್ಯ ತರಬೇತುದಾರರಾಗಿದ್ದವರು ಅವರೇ.