ಲಿಯೋನ್ ನಗರದ ರೋಮನ್ ಕ್ರೀಡಾರಂಗ

ಫ್ರಾನ್ಸ್ ದೇಶದ ಲಿಯೋನ್ ನಗರವು ರೋನ್, ಸೋನ್ ಎಂಬ ನದಿಗಳ ಸಂಗಮದಲ್ಲಿರುವುದು. ಅಲ್ಲಿಯ ಕ್ರುವಾ-ರೂಸ್ ಗುಡ್ಡದ ಇಳಿಜಾರಿನಲ್ಲಿ ದೀರ್ಘವರ್ತುಲಾಕಾರವಾದ ಪುರಾತನ ಕ್ರೀಡಾರಂಗವೊಂದರ ಅವಶೇಷವಿದೆ. ಇಂತಹ ರಂಗಗಳು ಖಡ್ಗಮಲ್ಲರ ಕಾಳಗಕ್ಕಾಗಿಯೇ ಕಟ್ಟಿದವೆಂಬುದು ವಾಡಿಕೆಯ ತಿಳಿವಳಿಕೆ. ಆದರೆ ಇಲ್ಲಿಯ ಕಲ್ಲುಗಳು ಬೇರೊಂದು ಸಂಗತಿಯನ್ನೂ ತಿಳಿಸುತ್ತವೆ.

ಗಾಲ್ ದೇಶವನ್ನು ಗೆದ್ದ ರೋಮನರು ಕ್ರಿ. ಪೂ. ೧೨ರಲ್ಲಿ ಇಲ್ಲಿ ರೋಮಾದೇವಿಗೂ ಅಗಸ್ಟಸ್ ಚಕ್ರವರ್ತಿಗೂ ಬಲಿಪೀಠವನ್ನು ಸ್ಥಾಪಿಸಿದರು. ಸುಮಾರು ೬೦ ಗಾಲ್ ಜನಾಂಗಗಳ ಪ್ರತಿನಿಧಿಗಳು ವರ್ಷಕ್ಕೊಮ್ಮೆ ಇಲ್ಲಿ ನೆರೆದು, ತಮ್ಮಲ್ಲೊಬ್ಬನನ್ನು ಪ್ರಧಾನಾರ್ಚಕನನ್ನಾಗಿ ಆರಿಸುತ್ತಿದ್ದರು. ಆ ಪದವಿಗೇರಿದವನು ಸ್ವಂತ ಹಣದಿಂದ ಕ್ರೀಡೋತ್ಸವವನ್ನು ನಡೆಸಬೇಕು. ೧೯೫೮ರಲ್ಲಿ ದೊರೆತ ಶಾಸನದಂತೆ, ಕ್ರಿ. ಶ. ೧೯ರಲ್ಲಿ ಈ ರಂಗವನ್ನು ಕಟ್ಟಿಸಿದವನು ಅಂತಹ ಅರ್ಚಕನಾದ ಗಾಯಸ್ ಜೂಲಿಯಸ್ ರೂಫಸ್. ಈತನ ಮುತ್ತಜ್ಜನ ಹೆಸರು ಎಪೊತ್ಸೊರೊವಿದಸ್ ಎಂಬ ಅಚ್ಚ ಗಾಲ್ ಹೆಸರು! ಮರಿಮಗನಾದರೋ ಗೆದ್ದವರ ಹೆಸರನ್ನು ತಾಳಿ, ಗೆದ್ದವರ ದೇವರನ್ನು ಪೂಜಿಸಿದನು. ಸೈನ್ಯಕ್ಕಿಂತಲೂ ಇಂತಹ ಮರ್ಯಾದೆಗಳೇ ರೋಮನರ ಆಳ್ವಿಕೆಗೆ ಹೆಚ್ಚಿನ ಆಸರೆಯಾಗಿದ್ದುವೆಂದರೆ ತಪ್ಪಾಗಲಾರದು.

ಆಸನಶಿಲೆಗಳ ಮೇಲೆ ಅರ್ವೆರ್ನ, ಬಿತುರಿಗ ಮೊದಲಾದ ಜನಾಂಗಗಳ ಹೆಸರುಗಳನ್ನು ಕೊರೆದಿದ್ದಾರೆ. ಒಂದು ಕಾಲದಲ್ಲಿ ರೋಮಿನೊಡನೆ ಕಾದಾಡಿದವರಿಗೆ ಈಗ ರೋಮಿನ ಉತ್ಸವದಲ್ಲಿ ಕಾದಿರಿಸಿದ ಪೀಠ! ಮೊದಲು ಕೆಲವೇ ಸಾಲುಗಳಿದ್ದ ರಂಗವನ್ನು ಎರಡನೆಯ ಶತಮಾನದಲ್ಲಿ ಜನಸಾಮಾನ್ಯರಿಗಾಗಿ ಬಹಳ ವಿಸ್ತರಿಸಿದರು.

ಜನಸಂದಣಿಯು ಬೆಳೆದಂತೆ ಅದರ ಇಷ್ಟಾನಿಷ್ಟಗಳೂ ಅಧಿಕಾರಿಗಳನ್ನು ಆಳತೊಡಗಿದುವು. ೧೭೭ರಲ್ಲಿ ಇಲ್ಲಿಯ ಕ್ರೈಸ್ತರನ್ನು ಹಿಡಿದು ವಿಚಾರಿಸಿದಾಗ, ರೋಮನ್ ಪೌರರ ಶಿರಚ್ಛೇದವಾಗಬೇಕು, ಉಳಿದವರನ್ನು ಮೃಗಗಳಿಗೊಪ್ಪಿಸಬೇಕು ಎಂಬ ನಿಯಮವಿದ್ದಿತು. ಪೌರತ್ವದ ಬೆಲೆಯು ಸಾಯುವ ರೀತಿಯಲ್ಲಿಯೂ ಇದ್ದಿತೆಂದಾಯಿತು. ಪೆರ್ಗಮಮ್ ಪಟ್ಟಣದ ಅತ್ತಾಲಸನು ಪೌರನೆಂದು ತಿಳಿದಮೇಲೆ, ಪ್ರಾಂತಾಧಿಪತಿಯು ಅವನನ್ನು ಸೆರೆಮನೆಗೆ ಹಿಂದಿರುಗಿಸಿ, ಚಕ್ರವರ್ತಿಯ ಅಪ್ಪಣೆಗಾಗಿ ಕಾದನು. ಅಪ್ಪಣೆಯೇನೋ ನಿಯಮದಂತೆಯೇ ಬಂದಿತು. ಆದರೂ ನೆರೆದವರನ್ನು ಮೆಚ್ಚಿಸಲೆಂದು ಅತ್ತಾಲಸನನ್ನು ಪುನಃ ಮೃಗಗಳ ಮುಂದೆ ನಿಲ್ಲಿಸಿದನು. ರೂಫಸನ ವಂಶದವರು ತಲೆಮಾರುಗಳ ಕಾಲ ಹೆಮ್ಮೆಯಿಂದ ಧರಿಸಿದ್ದ ಪೌರತ್ವವು, ಅವನೇ ಕಟ್ಟಿಸಿದ ರಂಗದಲ್ಲಿ ಒಬ್ಬನನ್ನು ಕಾಯಲಾರದೆ ಹೋಯಿತು.

ಬ್ಲಾಂದಿನಾ ಎಂಬ ದಾಸಿಯನ್ನು ಕಂಬಕ್ಕೆ ಕಟ್ಟಿದರು. ಮೃಗಗಳು ಅಂದು ಆಕೆಯನ್ನು ಮುಟ್ಟಲಿಲ್ಲವೆಂದು ಬದುಕುಳಿದವರು ಬರೆದ ಓಲೆ ಹೇಳುತ್ತದೆ. ಉತ್ಸವದ ಕೊನೆಯ ದಿನ ಆಕೆಯನ್ನು ಬಲೆಯಲ್ಲಿ ಸುತ್ತಿ ಗೂಳಿಯ ಮುಂದೆ ಎಸೆದರು. ಈಗ ಆ ಅಂಕಣದ ನಡುವೆ ಹುತಾತ್ಮರ ನೆನಪಿಗಾಗಿ ಒಂದು ಕಂಬವನ್ನು ನೆಟ್ಟಿರುತ್ತಾರೆ.